ದೋಷಶೋಧನೆಯ ದಾರಿ

ಶಿವಮೊಗ್ಗವು ತುಂಗಾನದಿಯ ದಡದಲ್ಲಿರುವ ನಗರ. ಭದ್ರಾವತಿಯು ಭದ್ರಾನದಿಯ ದಡದಲ್ಲಿರುವ ನಗರ. ಎರಡು ಊರುಗಳ ನಡುವಣ ಅಂತರ ಸುಮಾರು 20 ಕಿಲೋಮೀಟರು. ಭದ್ರಾವತಿಗೆ ಹಿಂದೆ ಬೆಂಕಿಪುರವೆಂಬ ಹೆಸರಿತ್ತು. 1923ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯು ಅಲ್ಲಿ ಕೆಲಸವನ್ನಾರಂಭಿಸಿದಾಗ ಆ ಹಳೆಯ ಹೆಸರು ಹೊಸ ರೀತಿಯಲ್ಲಿ ಸಾರ್ಥಕವಾದಂತಾಯಿತು. ಮುಂದೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಪಡೆದ ಆ ಕಾರ್ಖಾನೆಯಲ್ಲಿ, ಕಲ್ಲಿದ್ದಲು ದೊರೆಯದ ನಾಡಿನಲ್ಲಿ ಕಾಡಿನ ಮರದ ಇದ್ದಿಲನ್ನೇ ಉರಿಸಿ ಅದಿರನ್ನು ಕರಗಿಸುತ್ತಿದ್ದರು.

ಊದುಕುಲುಮೆಯ ಒಳಗೆ ಸಾವಿರ ಡಿಗ್ರಿಗೂ ಮಿಗಿಲಾದ ಶಾಖವಿರುತ್ತದೆ. ಅದರ ಬಾಗಿಲನ್ನು ತೆರೆದು ಒಳಗೇನು ನಡೆಯುತ್ತಿದೆಯೆಂದು ನೋಡುವುದು ಯಾರಿಗೂ ಸಾಧ್ಯವಿಲ್ಲ. ಆದರೂ ಅನುಭವಿಯಾದ ಕೆಲಸಗಾರನು ಕುಲುಮೆಯ ಆರೋಗ್ಯವನ್ನು ಬಲ್ಲನು. ಹೇಗೆಂದರೆ, ಕುಲುಮೆಯಿಂದ ಹರಿದುಬರುವ ಕಿಟ್ಟದ ಬಣ್ಣವನ್ನೂ ಹರಿವನ್ನೂ ಅವನು ಗಮನಿಸುತ್ತಾನೆ. ಕಿಟ್ಟವು ಕಪ್ಪಾಗಿ ಬಂದರೆ ಕುಲುಮೆ ತಣ್ಣಗಾಗಿದೆಯೆಂದೂ, ಕಬ್ಬಿಣದ ಅಂಶ ಕಿಟ್ಟದೊಡನೆ ಹೊರಟುಹೋಗುತ್ತಿದೆಯೆಂದೂ ಅವನು ತಿಳಿಯುತ್ತಾನೆ. ಕಾಣದ ಕಾರಣವನ್ನು ಕಾಣುವ ಕುರುಹಿನಿಂದ ಊಹಿಸಿ, ಆ ಊಹೆಯನ್ನು ಪರೀಕ್ಷಿಸಿ ನಿಶ್ಚಯಿಸುವುದೇ ದೋಷಶೋಧನೆ.

ಇಂದು ಇವೆರಡು ಊರುಗಳ ಶಾಲೆಗಳಲ್ಲಿ, ಕಚೇರಿಗಳಲ್ಲಿ, ಅಂಗಡಿಗಳಲ್ಲಿ ಮತ್ತೊಂದು ಬಗೆಯ ಮುಚ್ಚಿದ ಕುಲುಮೆಯುಂಟು. ಅದು ಗಣಕಯಂತ್ರ. ಅದರಲ್ಲಿ ನಡೆಯುವ ಕಾರ್ಯವೂ ಕಣ್ಣಿಗೆ ಕಾಣುವುದಿಲ್ಲ. ಅದೂ ಕೆಡುತ್ತದೆ. ಕೆಟ್ಟಾಗ ಅದೂ ತನ್ನ ಕುರುಹುಗಳನ್ನು ಹೊರಗೆ ಬಿಡುತ್ತದೆ. ಅವುಗಳನ್ನು ಓದುವ ವಿವೇಕವೊಂದು ಬೇಕು.

ಗಣಕಯಂತ್ರದ ಎಲ್ಲ ಕೆಲಸಗಳಿಗೂ ಆಧಾರವಾಗಿರುವ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆಯೆಂದು ಹೆಸರು. ಅಂಥವುಗಳಲ್ಲಿ ಲಿನಕ್ಸ್ ಒಂದು. 1991ರಲ್ಲಿ ಫಿನ್‌ಲೆಂಡ್ ದೇಶದ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ ಎಂಬವರು ಅದರ ತಿರುಳನ್ನು ಬರೆದು ಲೋಕಕ್ಕೆ ನೀಡಿದರು. ಅದರ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ನೆರೆಯ ಕೇರಳ ರಾಜ್ಯದ ಸರಕಾರಿ ಶಾಲೆಗಳಲ್ಲಿ ಗಣಕಶಿಕ್ಷಣವು ಲಿನಕ್ಸ್ ಮೂಲಕವೇ ನಡೆಯುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಕಲಿಯುತ್ತಾರೆ. ಪತ್ರಗಳನ್ನೂ ಲೆಕ್ಕಪಟ್ಟಿಗಳನ್ನೂ ಸಿದ್ಧಪಡಿಸಲು ನೆರವಾಗುವ ಲಿಬ್ರೆಆಫೀಸ್ ಎಂಬ ತಂತ್ರಾಂಶವೂ ಇದೇ ಬಗೆಯದು. ಅದು 2010ರಲ್ಲಿ ಹುಟ್ಟಿತು. ಅದನ್ನು ಕನ್ನಡದಲ್ಲಿಯೂ ಬಳಸಬಹುದು.

ತಂತ್ರಾಂಶದ ಚಿತ್ರವನ್ನು ಒತ್ತಿದೊಡನೆ ಅದು ತೆರೆದುಕೊಳ್ಳುವುದು ನೋಡುವವರಿಗೆ ಒಂದೇ ಕ್ರಿಯೆಯಂತೆ ತೋರುತ್ತದೆ. ವಾಸ್ತವವಾಗಿ ಆ ಎರಡು ಮೂರು ಕ್ಷಣಗಳಲ್ಲಿ ಹಲವು ಕೆಲಸಗಳು ಒಂದರ ಹಿಂದೆ ಒಂದು ನಡೆಯುತ್ತವೆ. ಮೊದಲು ತಂತ್ರಾಂಶವು ತನಗೆ ಬೇಕಾದ ಲೈಬ್ರರಿ ಕಡತಗಳನ್ನು ಕೂಡಿಸಿಕೊಳ್ಳುತ್ತದೆ. ಲೈಬ್ರರಿಯೆಂದರೆ ಅನೇಕ ತಂತ್ರಾಂಶಗಳು ಹಂಚಿಕೊಂಡು ಬಳಸುವ ಸಿದ್ಧಭಾಗ. ಕನ್ನಡದ ಒತ್ತಕ್ಷರಗಳನ್ನು ಸರಿಯಾದ ಜಾಗದಲ್ಲಿ ಜೋಡಿಸುವ ಹಾರ್ಫ್‌ಬಝ್ ಎಂಬುದು ಅಂಥದೊಂದು ಲೈಬ್ರರಿ. ಆಮೇಲೆ ತಂತ್ರಾಂಶವು ಬಳಕೆದಾರನ ಸ್ವಂತ ಕಡತಕೋಶದಲ್ಲಿರುವ ಸಿದ್ಧತೆಯ ಕಡತಗಳನ್ನು ಓದುತ್ತದೆ. ಅಕ್ಷರದ ಗಾತ್ರ, ಭಾಷೆ, ಕಿಟಕಿಯ ಅಳತೆ ಮೊದಲಾದುವು ಅಲ್ಲಿ ಬರೆದಿರುತ್ತವೆ. ಬಳಿಕ ಅದು ಅಕ್ಷರವಿನ್ಯಾಸಗಳ ಪಟ್ಟಿಯನ್ನು ನೋಡುತ್ತದೆ, ತೆರೆಯ ಮೇಲೆ ಜಾಗವನ್ನು ಕೇಳುತ್ತದೆ, ಕೊನೆಗೆ ಕಿಟಕಿಯನ್ನು ಬಿಡಿಸುತ್ತದೆ. ಈ ಸರಪಳಿಯಲ್ಲಿ ಯಾವ ಕೊಂಡಿ ಕಳಚಿದರೂ ತಂತ್ರಾಂಶವು ಆರಂಭದಲ್ಲಿಯೇ ಕುಸಿಯುತ್ತದೆ. ಆದುದರಿಂದ "ತಂತ್ರಾಂಶ ತೆರೆಯುತ್ತಿಲ್ಲ" ಎಂಬುದು ರೋಗದ ಲಕ್ಷಣವೇ ಹೊರತು ರೋಗವಲ್ಲ. ಜ್ವರವೆಂಬ ಒಂದೇ ಲಕ್ಷಣಕ್ಕೆ ಹತ್ತು ಕಾರಣಗಳಿರುವಂತೆ ಇಲ್ಲಿಯೂ ಕಾರಣಗಳು ಹಲವಾಗಿರಬಹುದು.

ಇದನ್ನು ಒಂದು ಉದಾಹರಣೆಯಿಂದ ವಿಶದಪಡಿಸಬಹುದು. ಭದ್ರಾವತಿಯಲ್ಲಿ ಜನರ ಅರ್ಜಿಗಳನ್ನು ಬೆರಳಚ್ಚು ಮಾಡಿಕೊಡುವ ಒಂದು ಚಿಕ್ಕ ಅಂಗಡಿಯಿದೆಯೆಂದು ಭಾವಿಸೋಣ. ಅಲ್ಲಿ ಲಿನಕ್ಸ್ ಇರುವ ಒಂದೇ ಒಂದು ಗಣಕಯಂತ್ರವುಂಟು. ಜಮೀನಿನ ಮನವಿ, ಪಿಂಚಣಿಯ ಕೋರಿಕೆ, ವಿದ್ಯಾರ್ಥಿವೇತನದ ಅರ್ಜಿ ಹೀಗೆ ವರ್ಷಗಳ ಬರಹ ಅದರಲ್ಲಿ ಸಂಗ್ರಹವಾಗಿದೆ. ಮಳೆಗಾಲದ ಒಂದು ಸಂಜೆ ಗಾಳಿಮಳೆಗೆ ವಿದ್ಯುತ್ತು ಹಠಾತ್ತನೆ ನಿಂತುಹೋಯಿತು. ಮರುದಿನ ಬೆಳಿಗ್ಗೆ ಲಿಬ್ರೆಆಫೀಸನ್ನು ತೆರೆಯಹೋದರೆ ಅದರ ಹೆಸರಿನ ಫಲಕ ಒಮ್ಮೆ ಮಿಂಚಿ ಮರೆಯಾಯಿತು. ಅದೇ ದಿನ ಸಂಜೆಯೊಳಗೆ ಒಂದು ಅರ್ಜಿಯು ಶಿವಮೊಗ್ಗದ ಕಚೇರಿಯನ್ನು ಮುಟ್ಟಬೇಕಾಗಿದೆ. ಅದನ್ನು ಬರೆಸಿದ ಬಡ ತಾಯಿಯು ಅಂಗಡಿಯ ಬಾಗಿಲಲ್ಲಿ ಕಾದು ಕುಳಿತಿದ್ದಾಳೆ.

ಇಂಥ ಸಮಯದಲ್ಲಿ ಸಲಹೆಗಳಿಗೆ ಕೊರತೆಯಿರುವುದಿಲ್ಲ. ಮತ್ತೆ ಮತ್ತೆ ಒತ್ತಿ ನೋಡೆಂದು ಒಬ್ಬನು ಹೇಳುತ್ತಾನೆ. ತಂತ್ರಾಂಶವನ್ನು ಕಿತ್ತುಹಾಕಿ ಹೊಸದಾಗಿ ಸ್ಥಾಪಿಸೆಂದು ಇನ್ನೊಬ್ಬನು ಹೇಳುತ್ತಾನೆ. ಡಿಸ್ಕನ್ನೇ ಪೂರ್ತಿಯಾಗಿ ಅಳಿಸಿ ಎಲ್ಲವನ್ನೂ ಮೊದಲಿನಿಂದ ಆರಂಭಿಸೆಂದು ಮೂರನೆಯವನು ಹೇಳುತ್ತಾನೆ. ಮೊದಲನೆಯದು ನಿಷ್ಫಲ, ಕಾರಣ ಬದಲಾಗದೆ ಕಾರ್ಯ ಬದಲಾಗದು. ಎರಡನೆಯದು ಅನೇಕ ವೇಳೆ ವ್ಯರ್ಥ. ಏಕೆಂದರೆ ಸಿದ್ಧತೆಯ ಕಡತಗಳು ಬಳಕೆದಾರನ ಸ್ವಂತ ಕಡತಕೋಶದಲ್ಲಿರುತ್ತವೆ, ಮರುಸ್ಥಾಪನೆಯು ಅವುಗಳನ್ನು ಮುಟ್ಟುವುದೇ ಇಲ್ಲ. ಮೂರನೆಯದು ಅಪಾಯಕರ; ಅದರಿಂದ ತಂತ್ರಾಂಶವೇನೋ ತೆರೆಯಬಹುದು, ಆದರೆ ಊರವರ ಬರಹಗಳೆಲ್ಲ ನಾಶವಾಗುತ್ತವೆ. ನೆಗಡಿಗೆ ಹೆದರಿ ಮೂಗನ್ನು ಕೊಯ್ದುಕೊಂಡಂತೆ.

ಸರಿಯಾದ ದಾರಿ ಯಾವುದು? ಮೊದಲನೆಯ ಹೆಜ್ಜೆ, ಇರುವುದನ್ನು ಕಾಪಾಡುವುದು. ಬರಹದ ಕಡತಗಳೆಲ್ಲವನ್ನೂ ಬೇರೊಂದು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಬೇಕು. ತಂತ್ರಾಂಶವು ತೆರೆಯದಿದ್ದರೂ ಕಡತಗಳು ಡಿಸ್ಕಿನಲ್ಲಿ ಸುರಕ್ಷಿತವಾಗಿಯೇ ಇರುತ್ತವೆ. ಈ ನಕಲು ಕೈಗೆ ಬಂದೊಡನೆ ಅರ್ಧ ಭಯ ನೀಗುತ್ತದೆ. ತುರ್ತಾದರೆ ಅರ್ಜಿಯನ್ನು ಬೇರೊಂದು ಯಂತ್ರದಲ್ಲಿ ಮುದ್ರಿಸಿ ಆ ತಾಯಿಯನ್ನು ಸಕಾಲದಲ್ಲಿ ಶಿವಮೊಗ್ಗದ ಬಸ್ಸು ಹತ್ತಿಸಬಹುದು. ಜನರ ಕೆಲಸ ಮೊದಲು, ಯಂತ್ರದ ಚಿಕಿತ್ಸೆ ಆಮೇಲೆ.

ಎರಡನೆಯ ಹೆಜ್ಜೆ, ದೋಷವನ್ನು ಸ್ಪಷ್ಟವಾದ ಮಾತುಗಳಲ್ಲಿ ಹೇಳಿಕೊಳ್ಳುವುದು. ಯಾವ ತಂತ್ರಾಂಶ? ಯಾವಾಗಿನಿಂದ? ಕೊನೆಯ ಬಾರಿ ಸರಿಯಾಗಿದ್ದುದು ಎಂದು? ಅಂದಿನಿಂದ ಇಂದಿನವರೆಗೆ ಬದಲಾದುದೇನು? ಹೊಸ ಆವೃತ್ತಿ ಬಂದಿತೇ, ಹೊಸ ಅಕ್ಷರವಿನ್ಯಾಸವನ್ನು ಸೇರಿಸಲಾಯಿತೇ, ವಿದ್ಯುತ್ತು ನಿಂತಿತೇ? ನಮ್ಮ ಉದಾಹರಣೆಯಲ್ಲಿ ಈ ಕೊನೆಯ ಪ್ರಶ್ನೆಗೆ ಹೌದೆಂಬ ಉತ್ತರವಿದೆ. ಆದರೆ ಒಂದರ ಬಳಿಕ ಒಂದು ನಡೆದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವೆಂದು ಹೇಳಲಾಗದು. ಅದು ಸಂಶಯಕ್ಕೆ ಆಸ್ಪದವೇ ಹೊರತು ಸಿದ್ಧಾಂತವಲ್ಲ.

ಮೂರನೆಯ ಹೆಜ್ಜೆ, ತಂತ್ರಾಂಶದ ಮಾತನ್ನು ಕೇಳುವುದು. ಚಿತ್ರವನ್ನು ಒತ್ತಿ ತೆರೆದಾಗ ತಂತ್ರಾಂಶವು ಮೌನವಾಗಿ ಕುಸಿಯುವಂತೆ ತೋರುತ್ತದೆ. ಲಿನಕ್ಸಿನಲ್ಲಿ ಟರ್ಮಿನಲ್ ಎಂಬ ಕಿಟಕಿಯಿದೆ. ಅಲ್ಲಿ ತಂತ್ರಾಂಶದ ಹೆಸರನ್ನು ಬೆರಳಚ್ಚಿಸಿಯೂ ಅದನ್ನು ತೆರೆಯಬಹುದು. ಹಾಗೆ ತೆರೆದಾಗ ಅದು ಕುಸಿಯುವ ಮುನ್ನ ಆಡಿದ ಮಾತುಗಳು ಬಹುಮಟ್ಟಿಗೆ ಅಲ್ಲಿ ಅಕ್ಷರರೂಪದಲ್ಲಿ ಉಳಿಯುತ್ತವೆ. ಇದೇ ಗಣಕಯಂತ್ರದ ಕಿಟ್ಟ. ಇದನ್ನು ಮೊದಲ ಸಾಲಿನಿಂದ ನಿಧಾನವಾಗಿ ಓದಬೇಕು. ಮೊದಲ ದೋಷದಿಂದ ಎರಡನೆಯದೂ ಎರಡನೆಯದರಿಂದ ಮೂರನೆಯದೂ ಹುಟ್ಟುವುದುಂಟು. ಆದ್ದರಿಂದ ಕೊನೆಯ ಸಾಲಿಗಿಂತ ಮೊದಲ ಸಾಲು ಹೆಚ್ಚು ಉಪಯುಕ್ತವಾಗಿರಬಹುದು.

ಈ ಮಾತುಗಳಲ್ಲಿ ಕೆಲವು ಮತ್ತೆ ಮತ್ತೆ ಕಾಣಸಿಗುತ್ತವೆ. ಹಂಚಿಕೆಯ ಲೈಬ್ರರಿಯೊಂದನ್ನು ತೆರೆಯಲಾಗಲಿಲ್ಲವೆಂಬ ಸಂದೇಶ ಬಂದರೆ ಆ ಕಡತ ಇಲ್ಲವಾಗಿದೆ, ಇಲ್ಲವೆ ಅದರ ಆವೃತ್ತಿ ಬೇರೆಯಾಗಿದೆ. ಎಲ್‌ಡಿಡಿ ಎಂಬ ಆಜ್ಞೆಯು ತಂತ್ರಾಂಶಕ್ಕೆ ಬೇಕಾದ ಲೈಬ್ರರಿಗಳ ಪಟ್ಟಿಯನ್ನು ಕೊಟ್ಟು, ಸಿಗದಿರುವುದನ್ನು ಬೊಟ್ಟುಮಾಡಿ ತೋರಿಸುತ್ತದೆ. ಅನುಮತಿಯಿಲ್ಲವೆಂಬ ಸಂದೇಶ ಬಂದರೆ ಕಡತದ ಒಡೆತನವನ್ನು ನೋಡಬೇಕು. ತಂತ್ರಾಂಶವನ್ನು ಆತುರದಲ್ಲಿ ಒಮ್ಮೆ ಮೇಲ್ವಿಚಾರಕನ ಅಧಿಕಾರದಿಂದ ತೆರೆದರೆ ಸಿದ್ಧತೆಯ ಕಡತಗಳು ಮೇಲ್ವಿಚಾರಕನ ವಶವಾಗಿಬಿಡಬಹುದು. ಅನಂತರ ಸಾಮಾನ್ಯ ಬಳಕೆದಾರನಿಗೆ ಅವು ದಕ್ಕುವುದಿಲ್ಲ. ಆದುದರಿಂದ ಕೆಟ್ಟ ತಂತ್ರಾಂಶವನ್ನು ಹೆಚ್ಚಿನ ಅಧಿಕಾರದಿಂದ ತೆರೆದುನೋಡುವುದು ಒಳ್ಳೆಯ ಅಭ್ಯಾಸವಲ್ಲ. ಜಾಗವಿಲ್ಲವೆಂಬ ಸಂದೇಶ ಬಂದರೆ ಡಿಸ್ಕು ತುಂಬಿದೆಯೆಂದರ್ಥ. ಸ್ಮರಣೆ ಸಾಲದೆ ಹೋದಾಗ ಕಾರ್ಯಾಚರಣ ವ್ಯವಸ್ಥೆಯೇ ತಂತ್ರಾಂಶವನ್ನು ನಿಲ್ಲಿಸಿಬಿಡುವುದುಂಟು. ಆ ಸಂಗತಿ ವ್ಯವಸ್ಥೆಯ ದಿನಚರಿಯಲ್ಲಿ ದಾಖಲಾಗಿರುತ್ತದೆ. ಸೆಗ್ಮೆಂಟೇಶನ್ ಫಾಲ್ಟ್ ಎಂಬ ಮಾತು ಕಂಡರೆ, ತಂತ್ರಾಂಶವು ತನ್ನದಲ್ಲದ ಸ್ಮರಣೆಯ ಜಾಗವನ್ನು ಮುಟ್ಟಹೋಗಿ ನಿಲ್ಲಿಸಲ್ಪಟ್ಟಿತೆಂದು ತಿಳಿಯಬೇಕು. ಈ ಸಂಕೇತದ ಸಂಖ್ಯೆ 11. ಟರ್ಮಿನಲ್ ಇದಕ್ಕೆ 128ನ್ನು ಕೂಡಿಸಿ 139 ಎಂಬ ನಿರ್ಗಮನಸಂಖ್ಯೆಯನ್ನು ತಿಳಿಸುತ್ತದೆ.

ನಾಲ್ಕನೆಯ ಹೆಜ್ಜೆ, ವಿಭಾಗಿಸಿ ನೋಡುವುದು. ಹತ್ತು ಕಾರಣಗಳನ್ನು ಒಂದೊಂದಾಗಿ ಹುಡುಕುವುದಕ್ಕಿಂತ, ಅರ್ಧವನ್ನು ಒಮ್ಮೆಗೇ ಬಿಟ್ಟುಕೊಡಬಲ್ಲ ಪ್ರಶ್ನೆಯನ್ನು ಕೇಳುವುದು ಜಾಣತನ. ದೋಷವು ಇಡೀ ಯಂತ್ರಕ್ಕೆ ಸೇರಿದ್ದೇ ಅಥವಾ ಒಬ್ಬ ಬಳಕೆದಾರನ ಸಿದ್ಧತೆಗೆ ಮಾತ್ರ ಸೇರಿದ್ದೇ ಎಂಬುದು ಅಂಥ ಪ್ರಶ್ನೆ. ಅದೇ ಯಂತ್ರದಲ್ಲಿ ಹೊಸದೊಂದು ಬಳಕೆದಾರನ ಖಾತೆಯನ್ನು ತೆರೆದು, ಅದರಿಂದ ತಂತ್ರಾಂಶವನ್ನು ಆರಂಭಿಸಿದರೆ ಉತ್ತರ ದೊರೆಯುತ್ತದೆ. ಭದ್ರಾವತಿಯ ಅಂಗಡಿಯಲ್ಲಿ ಹೀಗೆ ಮಾಡಿದಾಗ ಲಿಬ್ರೆಆಫೀಸ್ ಸುಖವಾಗಿ ತೆರೆಯಿತು. ಅಲ್ಲಿಗೆ ಲೈಬ್ರರಿಗಳು, ಡಿಸ್ಕು, ತಂತ್ರಾಂಶ ಇವುಗಳ ಮೇಲಿನ ಸಂಶಯ ಬಹುಮಟ್ಟಿಗೆ ನೀಗಿತು. ಹಳೆಯ ಖಾತೆಯ ಸಿದ್ಧತೆಯ ಕಡತಗಳ ಮೇಲೆ ಸಂಶಯ ನಿಂತಿತು. 2017ರಲ್ಲಿ ಬಂದ 5.3ನೆಯ ಆವೃತ್ತಿಯಿಂದ ಲಿಬ್ರೆಆಫೀಸಿನಲ್ಲಿ ಸುರಕ್ಷಿತ ಸ್ಥಿತಿಯೆಂಬ ಅನುಕೂಲವೂ ಇದೆ. ಆ ಸ್ಥಿತಿಯಲ್ಲಿ ಅದು ಹಳೆಯ ಸಿದ್ಧತೆಯನ್ನು ಬದಿಗಿಟ್ಟು ತಾತ್ಕಾಲಿಕವಾದ ಹೊಸ ಸಿದ್ಧತೆಯೊಡನೆ ತೆರೆಯುತ್ತದೆ.

ಐದನೆಯ ಹೆಜ್ಜೆ, ಒಂದು ಬಾರಿಗೆ ಒಂದನ್ನೇ ಬದಲಿಸುವುದು. ಅದನ್ನೂ ಹಿಂದಿರುಗಿಸಲು ಬರುವಂತೆ ಬದಲಿಸುವುದು. ಸಿದ್ಧತೆಯ ಕಡತಕೋಶವನ್ನು ಅಳಿಸಬಾರದು, ಅದರ ಹೆಸರನ್ನು ಬದಲಿಸಬೇಕು. ಅದರಲ್ಲಿ ಬಳಕೆದಾರನು ತನ್ನ ನಿಘಂಟಿಗೆ ಸೇರಿಸಿಕೊಂಡ ಪದಗಳಿರುತ್ತವೆ, ಅರ್ಜಿಯ ಮಾದರಿಗಳಿರುತ್ತವೆ. ಹೆಸರನ್ನು ಬದಲಿಸಿದಾಗ ತಂತ್ರಾಂಶಕ್ಕೆ ಹಳೆಯದು ಕಾಣುವುದಿಲ್ಲ. ಅದು ಹೊಸದನ್ನು ತಾನೇ ಸೃಷ್ಟಿಸಿಕೊಳ್ಳುತ್ತದೆ. ಅಂಗಡಿಯಲ್ಲಿ ಹೀಗೆ ಮಾಡಿದೊಡನೆ ತಂತ್ರಾಂಶವು ತೆರೆದುಕೊಂಡಿತು. ಹಳೆಯ ಕೋಶದಿಂದ ಪದಗಳ ಪಟ್ಟಿಯನ್ನೂ ಮಾದರಿಗಳನ್ನೂ ಮಾತ್ರ ಹೊಸದಕ್ಕೆ ತಂದುಕೊಂಡದ್ದಾಯಿತು.

ಇಷ್ಟಕ್ಕೆ ತೃಪ್ತರಾಗುವವರೇ ಹೆಚ್ಚು. ಆದರೆ ಕಾರಣ ನಿಶ್ಚಿತವಾಗಬೇಕಾದರೆ ಇನ್ನೊಂದು ಪರೀಕ್ಷೆ ಬೇಕು. ಹಳೆಯ ಕೋಶವನ್ನು ಮತ್ತೆ ಅದರ ಜಾಗದಲ್ಲಿಟ್ಟರೆ ತಂತ್ರಾಂಶ ಮತ್ತೆ ಕುಸಿಯಬೇಕು. ತೆಗೆದರೆ ಮತ್ತೆ ತೆರೆಯಬೇಕು. ಹೀಗೆ ಎರಡೂ ಕಡೆಯಿಂದ ತಾಳೆ ಬಂದಾಗ ಮಾತ್ರ ಊಹೆಯು ಜ್ಞಾನವಾಗುತ್ತದೆ. ಅಂಗಡಿಯಲ್ಲಿ ಪರೀಕ್ಷೆಯು ತಾಳೆ ಬಂದಿತು. ಕೋಶದೊಳಗಿನ ಕಡತಗಳನ್ನು ನೋಡಲಾಗಿ, ಒಂದರ ಬರಹವು ನಡುವೆಯೇ ತುಂಡಾಗಿತ್ತು. ತಂತ್ರಾಂಶವು ಅದನ್ನು ಬರೆಯುತ್ತಿದ್ದ ಕ್ಷಣದಲ್ಲಿಯೇ ವಿದ್ಯುತ್ತು ನಿಂತಿದ್ದಿತು. ಮೊದಲು ಹುಟ್ಟಿದ್ದ ಸಂಶಯವು ಈಗ ಆಧಾರಸಹಿತವಾದ ನಿರ್ಣಯವಾಯಿತು. ಮುಂದಿನ ಮಳೆಗಾಲಕ್ಕೆ ಯಂತ್ರಕ್ಕೊಂದು ಬ್ಯಾಟರಿಯ ಆಸರೆ ಬೇಕೆಂಬ ತೀರ್ಮಾನಕ್ಕೂ ಅದೇ ತಳಹದಿ.

ಎಲ್ಲ ದೋಷಗಳೂ ಇಷ್ಟು ಸುಲಭವಾಗಿ ಕೈಗೆ ಸಿಗುವುದಿಲ್ಲ. ಕೆಲವೊಮ್ಮೆ ತಪ್ಪು ತಂತ್ರಾಂಶದ ಮೂಲ ಬರಹದಲ್ಲಿಯೇ ಇರುತ್ತದೆ. ಅಂಥ ವೇಳೆಗೆ ಬೇರೆ ಸಾಧನಗಳಿವೆ. ಎಸ್‌ಟ್ರೇಸ್ ಎಂಬುದು ತಂತ್ರಾಂಶವು ವ್ಯವಸ್ಥೆಯನ್ನು ಏನೇನು ಕೇಳಿತು, ಯಾವ ಕಡತವನ್ನು ತೆರೆಯಹೋಯಿತು, ಏನು ಉತ್ತರ ಪಡೆಯಿತು ಎಂಬುದನ್ನೆಲ್ಲ ಸಾಲುಸಾಲಾಗಿ ತೋರಿಸುತ್ತದೆ. ರಿಚರ್ಡ್ ಸ್ಟಾಲ್‌ಮನ್ ಅವರು 1986ರಲ್ಲಿ ರಚಿಸಿದ ಜಿಡಿಬಿ ಎಂಬುದು ತಂತ್ರಾಂಶವು ಯಾವ ಸಾಲಿನಲ್ಲಿ ಎಡವಿತೆಂಬುದನ್ನು ತಿಳಿಸಬಲ್ಲುದು. ಕುಸಿದ ಕ್ಷಣದ ಸ್ಮರಣೆಯ ಪ್ರತಿಬಿಂಬವನ್ನು ಡಿಸ್ಕಿನಲ್ಲಿ ಉಳಿಸುವ ಏರ್ಪಾಡೂ ಇದೆ; ಅದನ್ನು ಕೋರ್ ಡಂಪ್ ಎನ್ನುತ್ತಾರೆ. ಈ ಹೆಸರಿನ ಹಿಂದೊಂದು ಸ್ವಾರಸ್ಯವಿದೆ. 1950 ಮತ್ತು 1960ರ ದಶಕಗಳ ಗಣಕಯಂತ್ರಗಳಲ್ಲಿ ಸ್ಮರಣೆಯೆಂದರೆ ಫೆರೈಟ್ ಎಂಬ ವಸ್ತುವಿನ ಪುಟ್ಟ ಉಂಗುರಗಳನ್ನು ತಂತಿಗಳಲ್ಲಿ ಪೋಣಿಸಿದ ಜಾಲರಿ. ಆ ಉಂಗುರಕ್ಕೆ ಕೋರ್ ಎಂದು ಹೆಸರು. ಫೆರೈಟಿನ ಮುಖ್ಯಾಂಶವು ಕಬ್ಬಿಣದ ಆಕ್ಸೈಡು. ಅಂದಿನ ಯಂತ್ರಗಳ ನೆನಪು ಕಬ್ಬಿಣದಲ್ಲಿಯೇ ಅಡಗಿತ್ತು. ಉಂಗುರಗಳು ಹೋದರೂ ಹೆಸರು ಉಳಿಯಿತು.

ತನ್ನಿಂದ ಬಗೆಹರಿಯದ ದೋಷವನ್ನು ತಂತ್ರಾಂಶದ ನಿರ್ಮಾಪಕರಿಗೆ ತಿಳಿಸುವುದು ಕೊನೆಯ ಹೆಜ್ಜೆ. ದೋಷಕ್ಕೆ ಇಂಗ್ಲಿಷಿನಲ್ಲಿ ಕೀಟವೆಂಬರ್ಥದ ಬಗ್ ಎಂಬ ಪದ ರೂಢಿಯಲ್ಲಿದೆ. ಥಾಮಸ್ ಎಡಿಸನ್ 1878ರಷ್ಟು ಹಿಂದೆಯೇ ಯಂತ್ರದೋಷಕ್ಕೆ ಈ ಪದವನ್ನು ಬಳಸಿದ್ದರು. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮಾರ್ಕ್ 2 ಗಣಕದ ಒಂದು ಸ್ವಿಚ್ಚಿನಲ್ಲಿ ನಿಜವಾಗಿಯೂ ಒಂದು ಪತಂಗ ಸಿಕ್ಕಿಕೊಂಡಿತ್ತು. ಅಲ್ಲಿನ ಕೆಲಸಗಾರರು ಅದನ್ನು ಎಸೆದು ಸುಮ್ಮನಾಗಲಿಲ್ಲ; ದಿನಚರಿಯ ಪುಟಕ್ಕೆ ಅಂಟಿಸಿ, ಹೊತ್ತನ್ನೂ ಸ್ಥಳವನ್ನೂ ಬರೆದಿಟ್ಟರು. ಆ ಪುಟವು ಇಂದಿಗೂ ಅಮೆರಿಕದ ವಸ್ತುಸಂಗ್ರಹಾಲಯದಲ್ಲಿದೆ. ಕಂಡುದನ್ನು ಕಂಡಂತೆ ಬರೆದಿಡುವ ಶಿಸ್ತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ವಿರಳ.

ದೋಷದ ವರದಿಯೂ ಹಾಗೆಯೇ ಇರಬೇಕು. ತಂತ್ರಾಂಶದ ಆವೃತ್ತಿ, ಲಿನಕ್ಸಿನ ಹೆಸರು, ಮಾಡಿದ ಕ್ರಿಯೆ, ನಿರೀಕ್ಷಿಸಿದ ಫಲ, ನಡೆದ ಸಂಗತಿ ಇವು ಅದರಲ್ಲಿರಬೇಕು. ಟರ್ಮಿನಲ್ಲಿನ ಸಂದೇಶವನ್ನು ಒಂದಕ್ಷರವೂ ಬದಲಾಗದಂತೆ ನಕಲಿಸಬೇಕು. ಈಗಾಗಲೇ ಮಾಡಿನೋಡಿದ ಪರೀಕ್ಷೆಗಳನ್ನು, ವಿಫಲವಾದುವನ್ನೂ ಸೇರಿಸಿ, ಹೇಳಬೇಕು. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಸ್ಮರಣೆಯ ಪ್ರತಿಬಿಂಬದಲ್ಲಿ ತೆರೆದಿದ್ದ ಪತ್ರದ ತುಣುಕುಗಳೂ ಗುಟ್ಟುಪದಗಳೂ ಇರಬಹುದಾದ್ದರಿಂದ ಅದನ್ನು ಎಲ್ಲರಿಗೂ ಕಾಣುವಂತೆ ಕಳುಹಿಸಬಾರದು. ನಂಬಿ ಬಂದವರ ಅರ್ಜಿಯ ಗುಟ್ಟನ್ನು ಕಾಪಾಡುವುದು ಅಂಗಡಿಯವನ ಧರ್ಮ.

ಮೂಲ ಬರಹವು ತೆರೆದಿರುವ ತಂತ್ರಾಂಶದ ಹಿರಿಮೆ ಇಲ್ಲಿಯೇ ವ್ಯಕ್ತವಾಗುತ್ತದೆ. ಭದ್ರಾವತಿಯ ಅಂಗಡಿಯಿಂದಲೋ ಶಿವಮೊಗ್ಗದ ಶಾಲೆಯಿಂದಲೋ ಹೋದ ಒಂದು ಪ್ರಾಮಾಣಿಕವಾದ ವರದಿಯನ್ನು ಜರ್ಮನಿಯಲ್ಲೋ ಬ್ರೆಜಿಲ್‌ನಲ್ಲೋ ಕುಳಿತ ತಜ್ಞನೊಬ್ಬನು ಓದಿ ತಪ್ಪನ್ನು ತಿದ್ದಬಹುದು. ಆ ತಿದ್ದುಪಡಿಯ ಫಲ ಮುಂದಿನ ಆವೃತ್ತಿಯಲ್ಲಿ ಎಲ್ಲರಿಗೂ ದೊರೆಯುತ್ತದೆ. ಕನ್ನಡದ ಅಕ್ಷರಗಳಿಗೆ ಸಂಬಂಧಿಸಿದ ದೋಷವಾದರೆ ಅದನ್ನು ಮೊದಲು ಕಾಣುವವರು ಕನ್ನಡಿಗರೇ. ಅವರು ತಿಳಿಸದಿದ್ದರೆ ಬೇರೆ ಯಾರು ತಿಳಿಸಿಯಾರು?

ಯಂತ್ರಕ್ಕೆ ಮುನಿಸಿಲ್ಲ, ಹಟವಿಲ್ಲ, ದೃಷ್ಟಿ ತಾಗುವುದೂ ಇಲ್ಲ. ಅದರ ಪ್ರತಿಯೊಂದು ಕುಸಿತಕ್ಕೂ ಒಂದು ಕಾರಣವುಂಟು. ಹುಡುಕುವವನು ಇನ್ನೂ ಅದನ್ನು ಕಂಡಿರುವುದಿಲ್ಲ, ಅಷ್ಟೆ. ಈ ನಂಬಿಕೆಯಿರುವವನು ಕೆಟ್ಟ ಯಂತ್ರದ ಮುಂದೆ ಕೈಚೆಲ್ಲುವುದಿಲ್ಲ, ಕೋಪದಿಂದ ಅದನ್ನು ಬಡಿಯುವುದೂ ಇಲ್ಲ. ಇದ್ದುದನ್ನು ಕಾಪಾಡಿ, ಕುರುಹನ್ನು ಓದಿ, ಒಂದೊಂದೇ ಹೆಜ್ಜೆಯಿಡುತ್ತಾನೆ.

ಅಭ್ಯಾಸ

1. ಊದುಕುಲುಮೆಯ ಕಿಟ್ಟಕ್ಕೂ ಟರ್ಮಿನಲ್ಲಿನ ಸಂದೇಶಕ್ಕೂ ಇರುವ ಹೋಲಿಕೆಯನ್ನು ವಿವರಿಸಿರಿ.
2. ತಂತ್ರಾಂಶವನ್ನು ಮರುಸ್ಥಾಪಿಸಿದರೂ ದೋಷವು ಹಾಗೆಯೇ ಉಳಿಯಬಹುದು. ಏಕೆ?
3. ಹೊಸ ಬಳಕೆದಾರನ ಖಾತೆಯಿಂದ ಪರೀಕ್ಷಿಸಿದಾಗ ತಿಳಿದುಬಂದುದೇನು?
4. ಸಿದ್ಧತೆಯ ಕಡತಕೋಶವನ್ನು ಅಳಿಸದೆ ಹೆಸರನ್ನು ಮಾತ್ರ ಬದಲಿಸಬೇಕೆನ್ನಲು ಕಾರಣವೇನು?
5. "ಸಂಶಯಕ್ಕೆ ಆಸ್ಪದವೇ ಹೊರತು ಸಿದ್ಧಾಂತವಲ್ಲ." ಈ ಮಾತನ್ನು ಸಂದರ್ಭದೊಡನೆ ವಿವರಿಸಿರಿ.
6. ನಿಮ್ಮ ಮನೆಯಲ್ಲಿ ಅಥವಾ ಶಾಲೆಯಲ್ಲಿ ಕೆಟ್ಟಿರುವ ವಸ್ತುವೊಂದನ್ನು ಕುರಿತು ದೋಷದ ವರದಿಯನ್ನು ಬರೆಯಿರಿ.